ಮಣ್ಣಿನ ಉಸಿರಿಗೂ ಡಬಲ್ ಎಂಟ್ರಿ

ನಮ್ಮ ವಾರ್ತಾಪತ್ರದಲ್ಲಿ ಕಾಮರ್ಸ್‌ನವರು ಬರೆಯುವುದು ಸಾಮಾನ್ಯವಾಗಿ ಜಿಎಸ್‌ಟಿ, ಯುಪಿಐ, ಇಲ್ಲವೇ ರೇಷ್ಮೆಗೂಡಿನ ದರದ ಬಗ್ಗೆ. ನಾನು ಇಂಗಾಲದ ಡೈಆಕ್ಸೈಡ್ ಬಗ್ಗೆ ಬರೆಯುತ್ತೇನೆ ಎಂದಾಗ ನಮ್ಮ ಕ್ಲಾಸಿನವರೇ ನಕ್ಕರು. ಇದಕ್ಕೆ ಕಾರಣ ನನ್ನ ಖಾಲಾ ಮಗಳು. ಅವಳು ಇದೇ ಕಾಲೇಜಿನಲ್ಲಿ ಪಿಸಿಎಂಬಿ ಓದುತ್ತಾಳೆ. ನೆಲದೊಳಗೆ ತುಂಬಿಟ್ಟ ಇಂಗಾಲದ ಡೈಆಕ್ಸೈಡ್ ಮಣ್ಣಿನ ಮೂಲಕ ಸೋರಿದರೆ ಪತ್ತೆ ಹಚ್ಚುವುದು ಹೇಗೆ ಎಂಬುದು ಅವಳ ಸೆಮಿನಾರಿನ ವಿಷಯ. ಮನೆಯಲ್ಲಿ ನಾವು ಆಡುವುದು ಉರ್ದು, ಅವಳ ಪುಸ್ತಕ ಇಂಗ್ಲಿಷ್, ಸೆಮಿನಾರ್ ಕನ್ನಡದಲ್ಲಿ. ಕನ್ನಡ ತಿದ್ದಿಕೊಡು ಎಂದು ನನ್ನ ಹತ್ತಿರ ಬಂದಳು. ತಿದ್ದುತ್ತಾ ತಿದ್ದುತ್ತಾ ನನಗೆ ಅನ್ನಿಸಿತು: ಇದು ಅವರಿಗಿಂತ ನಮಗೆ ಸೇರಿದ ವಿಷಯ. ಇದು ಲೆಕ್ಕಪತ್ರ.

ಕಾರ್ಖಾನೆಗಳ ಚಿಮಣಿಯಿಂದ ಹೋಗುವ ಅನಿಲವನ್ನು ಹಿಡಿದು, ಒತ್ತಿ, ಸುಮಾರು 800 ಮೀಟರ್‌ಗಿಂತ ಆಳದಲ್ಲಿರುವ ಬಂಡೆಗಳ ಸಂದಿಯೊಳಗೆ ತುಂಬುತ್ತಾರೆ. ನಾರ್ವೆಯವರು ಸ್ಲೈಪ್ನರ್ ಎಂಬಲ್ಲಿ ಸಮುದ್ರದ ತಳದ ಕೆಳಗೆ 1996ರಿಂದ ಇದನ್ನು ಮಾಡುತ್ತಿದ್ದಾರೆ. ಅನಿಲವನ್ನು ಹಿಡಿಯುವ, ಬಳಸುವ ಸಂಶೋಧನೆಗೆ ನಮ್ಮ ಹತ್ತಿರವೇ, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ 2022ರಲ್ಲಿ ಒಂದು ರಾಷ್ಟ್ರೀಯ ಕೇಂದ್ರ ಬಂದಿದೆ. ತುಂಬಿಡುವುದು ಒಂದು ರೀತಿ ಠೇವಣಿ. ಬಡ್ಡಿ ಇಲ್ಲದ ಠೇವಣಿಯಾದ್ದರಿಂದ ನಮ್ಮ ಅಬ್ಬಾಗೂ ಒಪ್ಪಿಗೆಯಾಗುತ್ತದೆ. ಇಟ್ಟದ್ದು ಇಟ್ಟಲ್ಲೇ ಇದೆಯೇ ಎಂಬುದಷ್ಟೇ ಪ್ರಶ್ನೆ.

ಮೇಲೆ ನಿಂತು ಮಣ್ಣಿನಿಂದ ಎಷ್ಟು ಅನಿಲ ಬರುತ್ತಿದೆ ಎಂದು ಅಳೆದರೆ ಆಯಿತಲ್ಲ ಎಂದು ನಾನು ಕೇಳಿದೆ. ತೊಡಕು ಅಲ್ಲೇ ಇದೆ. ಮಣ್ಣು ತಾನೇ ಉಸಿರಾಡುತ್ತದೆ. ಬೇರುಗಳು, ಸೂಕ್ಷ್ಮಜೀವಿಗಳು ಹಗಲೂ ರಾತ್ರಿ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಹೊರಗಿನ ಗಾಳಿಯಲ್ಲಿ ಅದು ಶೇ. 0.04ರಷ್ಟು, ಮಣ್ಣಿನೊಳಗಿನ ಗಾಳಿಯಲ್ಲಿ ಶೇ. 1 ದಾಟುವುದು ದೊಡ್ಡ ವಿಷಯವಲ್ಲ. ನಾನಿಗೆ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಮಿಟ್ಟಿ ಭೀ ಸಾಂಸ್ ಲೇತಿ, ಬೇಟಾ" ಎಂದು ಎಲೆಗೆ ಸುಣ್ಣ ಸವರಿದರು.

ಆ ಸುಣ್ಣವೇ ನಮಗೆ ಉಪಕರಣವಾಯಿತು. ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿ ತೆಗೆದುಕೊಂಡೆವು. ಶಿಡ್ಲಘಟ್ಟದ ಹೊರಗೆ ಪರಿಚಯದವರ ಹಿಪ್ಪುನೇರಳೆ ತೋಟವಿದೆ. ಅಲ್ಲಿ ತಿಳಿಸುಣ್ಣದ ಬಟ್ಟಲುಗಳನ್ನು ನೆಲದ ಮೇಲಿಟ್ಟು, ಮೇಲ್ಭಾಗ ಕತ್ತರಿಸಿದ ಎಣ್ಣೆ ಡಬ್ಬಗಳನ್ನು ಬೋರಲು ಹಾಕಿದೆವು. ಒಂದು ಒಣಗಿದ ಬದುವಿನ ಮೇಲೆ, ಒಂದು ಹಿಂದಿನ ಸಂಜೆ ನೀರು ಬಿಟ್ಟ ಸಾಲಿನಲ್ಲಿ, ಮೂರನೆಯದು ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ. ಅಸರ್ ನಮಾಜ್ ಮುಗಿಸಿ ಇಟ್ಟು, ಮಗ್ರಿಬ್ ಅಜಾನ್‌ಗೆ ಮೊದಲು ತೆಗೆದೆವು. ಪ್ಲಾಸ್ಟಿಕ್ ಮೇಲಿನದು ಹೆಚ್ಚುಕಡಿಮೆ ತಿಳಿಯಾಗಿಯೇ ಇತ್ತು. ಬದುವಿನದು ಸ್ವಲ್ಪ ಮಸುಕು. ನೀರು ಬಿಟ್ಟ ಸಾಲಿನದು ಹಾಲಿನಂತಾಗಿ, ಮೇಲೆ ಕೆನೆ ಕಟ್ಟಿತ್ತು. ವಿಜ್ಞಾನಿಗಳೂ ಹೀಗೆಯೇ ನೆಲದ ಮೇಲೆ ಬೋರಲು ಪೆಟ್ಟಿಗೆ ಇಟ್ಟು, ಒಳಗಿನ ಅನಿಲ ಎಷ್ಟು ಬೇಗ ಏರುತ್ತದೆ ಎಂದು ಅವಕೆಂಪು ಕಿರಣದ ಉಪಕರಣದಿಂದ ಅಳೆಯುತ್ತಾರೆ. ನಮ್ಮದು ಬಡವರ ಆವೃತ್ತಿ.

ಈಗ ಯೋಚಿಸಿ. ಬೇಸಿಗೆಯಲ್ಲಿ ಒಣಗಿದ ಮಣ್ಣಿಗೆ ಮೊದಲ ಮಳೆ ಬಿದ್ದ ಕೂಡಲೇ ಈ ಉಸಿರು ಒಮ್ಮೆಗೇ ಏರುತ್ತದೆ. ಅದಕ್ಕೆ ಬರ್ಚ್ ಪರಿಣಾಮ ಎಂಬ ಹೆಸರೇ ಇದೆ. ಕೆಳಗೆ ಅನಿಲ ತುಂಬಿಟ್ಟ ಜಾಗದಲ್ಲಿ ಆ ದಿನ ಅಳೆದವನು ಸೋರಿಕೆ ಎಂದು ಕೂಗಬಹುದು. ಹಾಗೆಯೇ, ನಿಜವಾಗಿ ಸೋರುವಾಗ ಕಂಪನಿಯವರು "ಅದು ಮಳೆಯ ಪ್ರಭಾವ" ಎಂದು ಹೇಳಿ ಮನೆಗೆ ಕಳಿಸಬಹುದು. ನಡುವೆ ಸಿಕ್ಕಿಕೊಳ್ಳುವವನು ಜಮೀನಿನವನು.

ಕೆನಡಾದ ಸಸ್ಕಾಚೆವಾನ್‌ನಲ್ಲಿ ಇಂಥದ್ದೇ ನಡೆಯಿತು. ಅಲ್ಲಿನ ವೇಬರ್ನ್ ಎಣ್ಣೆ ಕ್ಷೇತ್ರದಲ್ಲಿ 2000ರಿಂದ ನೆಲದೊಳಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತಿದ್ದರು. 2011ರ ಜನವರಿಯಲ್ಲಿ ಒಂದು ರೈತ ಕುಟುಂಬ, ನಮ್ಮ ಹೊಂಡದಲ್ಲಿ ಗುಳ್ಳೆ ಏಳುತ್ತಿದೆ, ಪ್ರಾಣಿಗಳು ಸಾಯುತ್ತಿವೆ, ಅನಿಲ ಸೋರುತ್ತಿದೆ ಎಂದು ಪತ್ರಿಕೆಗಳ ಮುಂದೆ ಬಂತು. ಅವರ ಪರವಾಗಿ ಅಳೆದವರಿಗೆ ಮಣ್ಣಿನಲ್ಲಿ ಶೇ. 11ರವರೆಗೆ ಸಿಕ್ಕಿತು. ಆದರೆ ತುಂಬುವ ಮೊದಲು ಆ ಜಮೀನಿನಲ್ಲಿ ಎಷ್ಟಿತ್ತು ಎಂಬ ಲೆಕ್ಕ ಇರಲಿಲ್ಲ. ಆರಂಭಿಕ ಶಿಲ್ಕು ಬರೆಯದೆ ಅಂತಿಮ ಶಿಲ್ಕು ನೋಡಿ ಕಳ್ಳತನ ಆಗಿದೆಯೇ ಇಲ್ಲವೇ ಎಂದು ಹೇಳಲು ಯಾರಿಂದ ಸಾಧ್ಯ?

ದಾರಿ ತೋರಿಸಿದವರಲ್ಲಿ ಒಬ್ಬರು ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ಯಾಥರಿನ್ ರೊಮಾನಾಕ್. ಅವರ ವಿಧಾನ ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅದು ನಾವು ಮೊದಲ ಪಿಯುಸಿಯಲ್ಲಿ ಕಲಿತ ಡಬಲ್ ಎಂಟ್ರಿ! ಬೇರು ಉಸಿರಾಡಿದರೆ ಒಂದು ಪಾಲು ಇಂಗಾಲದ ಡೈಆಕ್ಸೈಡ್ ಜಮೆಯಾಗುತ್ತದೆ, ಸರಿಸುಮಾರು ಅಷ್ಟೇ ಆಮ್ಲಜನಕ ಖರ್ಚಾಗುತ್ತದೆ. ಎರಡೂ ಕಡೆ ತಾಳೆಯಾಗುತ್ತದೆ. ಆಳದಿಂದ ನುಗ್ಗಿ ಬಂದ ಅನಿಲಕ್ಕೆ ಎದುರು ನಮೂದು ಇರುವುದಿಲ್ಲ. ಅದು ಮಣ್ಣಿನ ಗಾಳಿಯನ್ನೇ ಒಟ್ಟಾಗಿ ಪಕ್ಕಕ್ಕೆ ತಳ್ಳುತ್ತದೆ, ಸಾರಜನಕವೂ ಕಡಿಮೆಯಾಗುತ್ತದೆ. ಆದ್ದರಿಂದ ಮೂರೂ ಅನಿಲಗಳನ್ನು ಒಟ್ಟಿಗೆ ಅಳೆದರೆ ಹಳೆಯ ಲೆಕ್ಕ ಇಲ್ಲದಿದ್ದರೂ ಗೊತ್ತಾಗುತ್ತದೆ. ಆ ಜಮೀನಿನ ತಾಳೆ ಸರಿಯಾಗಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಬಂದ ಸ್ವತಂತ್ರ ವರದಿಯೂ ಅದು ಮಣ್ಣಿನದೇ ಅನಿಲ ಎಂದಿತು. ನನಗೆ ಮಾತ್ರ ಆ ಕುಟುಂಬ ಸುಳ್ಳು ಹೇಳಿತು ಎನ್ನಿಸುವುದಿಲ್ಲ. ಅವರ ಕೈಗೆ ಯಾರೂ ಪುಸ್ತಕವನ್ನೇ ಕೊಟ್ಟಿರಲಿಲ್ಲ.

ನಮ್ಮ ಜಿಲ್ಲೆಗೆ ಈ ಠೇವಣಿ ಬರುವುದಿಲ್ಲ. ಚಿಕ್ಕಬಳ್ಳಾಪುರ, ಚಿಂತಾಮಣಿಯ ಕೆಳಗಿರುವುದು ಗಟ್ಟಿ ಗ್ರಾನೈಟ್, ನೈಸ್ ಶಿಲೆ. ನೀರಿಗೇ ಜಾಗವಿಲ್ಲದೆ ಸಾವಿರ ಅಡಿ ಕೊರೆಯುತ್ತೇವೆ. ಆದರೆ ವಿಜಯಪುರ, ಬೆಳಗಾವಿ ಕಡೆ ದಖ್ಖನ್ನಿನ ಕಪ್ಪು ಬಸಾಲ್ಟ್ ಇದೆ. ಐಸ್‌ಲ್ಯಾಂಡಿನಲ್ಲಿ 2012ರಲ್ಲಿ ಇಂಥ ಬಸಾಲ್ಟಿಗೆ ತುಂಬಿದ ಅನಿಲದಲ್ಲಿ ಶೇ. 95ರಷ್ಟು ಎರಡು ವರ್ಷದೊಳಗೆ ಕಲ್ಲಾಗಿಬಿಟ್ಟಿತು. ಹಾಗಾಗಿ ನಾಳೆ ನಮ್ಮ ರಾಜ್ಯದ ಕಡೆಗೂ ಯಾರಾದರೂ ನೋಡಬಹುದು. ಆಗ ಜೋಳದ ಹೊಲದವನು ಒಂದು ವರ್ಷ ಮೊದಲೇ, ಮಳೆಗಾಲ ಬೇಸಿಗೆ ಎರಡನ್ನೂ ಸೇರಿಸಿ, ತನ್ನ ಮಣ್ಣಿನ ಲೆಕ್ಕ ಬರೆಸಿಕೊಳ್ಳಬೇಕು, ಅದರ ಒಂದು ಪ್ರತಿ ತನ್ನ ಮನೆಯಲ್ಲಿಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ನೆಲಕ್ಕೆ ಕಿವಿಗೊಟ್ಟು ಕೂರುವ ಕೆಲಸ ನಮ್ಮ ಕಡೆಗೆ ಹೊಸದೇನಲ್ಲ. ಗೌರಿಬಿದನೂರಿನ ಭೂಕಂಪ ಮಾಪಕ ಕೇಂದ್ರ 1960ರ ದಶಕದಿಂದ ಅದನ್ನೇ ಮಾಡುತ್ತಿದೆ. ದಿನನಿತ್ಯದ ನಡುಕ ಗೊತ್ತಿದ್ದರೆ ತಾನೇ ದೂರದ ಸ್ಫೋಟ ಬೇರೆಯಾಗಿ ಕಾಣುವುದು.

ಸೆಮಿನಾರ್ ಮುಗಿದ ಮೇಲೂ ಈ ಲೆಕ್ಕ ನನ್ನನ್ನು ಬಿಡಲಿಲ್ಲ. ಕಾರಣ ನಮ್ಮ ಮಾಮು. ಚಿಂತಾಮಣಿ ಹತ್ತಿರ ಅವರ ಜಮೀನಿನಲ್ಲಿ ಎಷ್ಟೋ ವರ್ಷದಿಂದ ಬತ್ತಿದ ಬಾವಿ ಇದೆ. ಇಳಿದು ಹೂಳು ತೆಗೆಸಬೇಕೆಂದಿದ್ದರು. ದೀಪ ಇಳಿಬಿಟ್ಟು ನೋಡುತ್ತೇನೆ, ಉರಿಯುತ್ತಿದ್ದರೆ ಇಳಿಯಬಹುದು, ನಿಮ್ಮ ನಾನಾ ಹಾಗೆಯೇ ಮಾಡುತ್ತಿದ್ದರು ಎಂದರು. ನಾನು ಕಾಗದ ತೆಗೆದುಕೊಂಡೆ. ಗಾಳಿಯಲ್ಲಿ ಆಮ್ಲಜನಕ ಶೇ. 21. ಮಣ್ಣಿನ ಉಸಿರು ಬಾವಿಗೆ ಇಳಿದು, ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ಶೇ. 4 ಆಗಿದೆ ಎಂದುಕೊಳ್ಳಿ. ಜೀವಕ್ಕೆ ಅಪಾಯ ಎಂದು ಅಮೆರಿಕದ ಸುರಕ್ಷತಾ ಸಂಸ್ಥೆ ಇಟ್ಟಿರುವ ಗಡಿ ಅಷ್ಟೇ. ಡಬಲ್ ಎಂಟ್ರಿ ಪ್ರಕಾರ ಆಗ ಆಮ್ಲಜನಕ ಶೇ. 17. ದೀಪ ಆರುವುದು ಸುಮಾರು 16ಕ್ಕೆ. ಅಂದರೆ ದೀಪ ಮಂಕಾಗಿ ಉರಿಯುತ್ತಿರುವಾಗಲೇ ಇಳಿದವನು ಕುಸಿಯಬಹುದು. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ. ಪೇಪರಿನಲ್ಲಿ ಎರಡು ಹೆಸರು ಬರುವುದು ಹಾಗೆ.

ಮಾಮು ಕಾಗದವನ್ನು ಎರಡು ಸಲ ನೋಡಿದರು. "ಹದಿನೇಳು ಹೇಗೆ ಬಂತು, ಮತ್ತೆ ಹೇಳು" ಎಂದರು. ಹೇಳಿದೆ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎರಡನ್ನೂ ಅಳೆಯುವ ಮೀಟರ್ ಸಿಗುವವರೆಗೆ ಯಾರನ್ನೂ ಇಳಿಸುವುದಿಲ್ಲ ಎಂದು ಒಪ್ಪಿದ್ದಾರೆ. ಬಾಯಿಗೆ ಮುಳ್ಳು ಹಾಕಿ ಮುಚ್ಚಿದ್ದಾರೆ. ಸಾಮಾನ್ಯವಾಗಿ ಸಿಗುವ ನಾಲ್ಕು ಅನಿಲದ ಮೀಟರಿನಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದೇ ಇಲ್ಲವಂತೆ, ಕೇಳಿ ತರಬೇಕು.

ನಮ್ಮ ಡಬ್ಬದ ಲೆಕ್ಕವನ್ನು ಹಳೆಯ ಕ್ಯಾಶ್ ಬುಕ್ಕಿನಲ್ಲಿ ವಾರಕ್ಕೊಮ್ಮೆ ಬರೆಯುತ್ತಿದ್ದೇವೆ. ಇರುವುದೆಲ್ಲ ಶಿಡ್ಲಘಟ್ಟದ ಕೆಂಪು ಮಣ್ಣಿನದು. ಗೌರಿಬಿದನೂರು ಕಡೆ ಮೆಕ್ಕೆಜೋಳದ ಹೊಲ ಇರುವವರು ಯಾರಾದರೂ ಇದ್ದರೆ ದ್ವಿತೀಯ ಪಿಯುಸಿ ಕಾಮರ್ಸ್ ವಿಭಾಗದಲ್ಲಿ ನನ್ನನ್ನು ಕೇಳಿ. ಡಬ್ಬ, ಸುಣ್ಣ ನಮ್ಮದು.