ಓಟದ ಹಾದಿಯಲ್ಲಿ ಇಷ್ಟಲಿಂಗ

ಬಸವಾದಿ ಶರಣರು ಕಾಯವನ್ನು ಹೀಗಳೆದವರಲ್ಲ. ದೇಹವನ್ನು ದಂಡಿಸಿ ಒಣಗಿಸಿದರೆ ಮುಕ್ತಿ ದೊರೆಯುವುದೆಂಬ ಮತವನ್ನು ಅವರು ಒಪ್ಪಲಿಲ್ಲ. ದೇಹದ ಸುಖವೇ ಸರ್ವಸ್ವವೆಂಬ ಮತವನ್ನೂ ಒಪ್ಪಲಿಲ್ಲ. ದೇಹವನ್ನೇ ದೇಗುಲವಾಗಿ ಕಂಡ ಅಣ್ಣ ಬಸವಣ್ಣನವರ ವಚನವು ಶಾಲೆಯ ಮಕ್ಕಳ ನಾಲಗೆಯ ಮೇಲೂ ಇದೆ. ದೇಗುಲವೆಂದ ಮೇಲೆ ಅದನ್ನು ಗುಡಿಸಿ, ಸಾರಿಸಿ, ಶುಚಿಯಾಗಿಡುವುದು ಭಕ್ತನ ಹೊಣೆ. ಆದರೆ ಗುಡಿಸುವುದರಲ್ಲಿಯೇ ಮೈಮರೆತು ಒಳಗಿರುವ ದೇವನನ್ನು ಮರೆತರೆ ಆ ಶ್ರಮವು ವ್ಯರ್ಥ. ಈ ಎರಡು ಮಾತುಗಳ ನಡುವಿನ ಹಾದಿ ಎಷ್ಟು ಕಿರಿದೆಂಬುದನ್ನು ದೊಡ್ಡಬಳ್ಳಾಪುರದ ಸದ್ಭಕ್ತರೊಬ್ಬರು ರಸ್ತೆ ಓಟದ ಸ್ಪರ್ಧೆಗಳಲ್ಲಿ ಕಂಡುಕೊಂಡರು. ಅವರ ಅನುಭವವು ಇಷ್ಟಲಿಂಗಧಾರಿಗಳೆಲ್ಲರ ಚಿಂತನೆಗೆ ಯೋಗ್ಯವಾಗಿದೆ.

2008ರ ಮೇ ತಿಂಗಳಿನಲ್ಲಿ ಎರಡು ಸಂಗತಿಗಳು ನಡೆದವು. ಬೆಂಗಳೂರು ನಗರದಲ್ಲಿ ವರ್ಲ್ಡ್ ಟೆನ್‌ಕೆ ಎಂಬ 10 ಕಿಲೋಮೀಟರ್ ಓಟವು ಮೊದಲ ಬಾರಿಗೆ ನಡೆಯಿತು. ಅದೇ ತಿಂಗಳು ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣವು ಕಾರ್ಯಾರಂಭ ಮಾಡಿತು. ಮೊದಲನೆಯದರಿಂದ ಹೊಟ್ಟೆಪಾಡಿಗಾಗಿ ಓಡದ ಸಾಮಾನ್ಯ ಜನರೂ ಎದೆಗೆ ಸಂಖ್ಯೆಯ ಚೀಟಿ ಕಟ್ಟಿಕೊಂಡು ರಸ್ತೆಗಿಳಿಯುವ ರೂಢಿ ಬಲಗೊಂಡಿತು. ಎರಡನೆಯದರಿಂದ ದೇವನಹಳ್ಳಿ, ದೊಡ್ಡಬಳ್ಳಾಪುರದ ಸುತ್ತಿನ ಹಳ್ಳಿಗಳಿಗೆ ಅಗಲವಾದ ರಸ್ತೆಗಳು ಬಂದವು, ಹೊಲಗಳು ನಿವೇಶನಗಳಾದವು, ನಡೆದು ಹೋಗುತ್ತಿದ್ದವರು ವಾಹನವೇರಿದರು. ಕಾಲಿಗೆ ಕೆಲಸ ತಪ್ಪಿದಂತೆ ಮೈಗೆ ರೋಗ ಹತ್ತಿರವಾಯಿತು. ಹಿಂದೆ ಹೊಲಕ್ಕೂ ಸಂತೆಗೂ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೂ ನಡೆದೇ ಹೋಗುತ್ತಿದ್ದವರ ಮೊಮ್ಮಕ್ಕಳು ಇಂದು ವೈದ್ಯರ ಅಪ್ಪಣೆಯ ಮೇರೆಗೆ ನಡೆಯಬೇಕಾಗಿದೆ.

ಈ ಭಕ್ತರ ಕಥೆಯೂ ಅಂತಹುದೇ. ಅವರ ಜೀವನೋಪಾಯ ಮಗ್ಗದ್ದು. ಹಗಲಿರುಳು ಲಾಳಿಯ ಸದ್ದಿನ ನಡುವೆ ಕುಳಿತು ಲೆಕ್ಕ ನೋಡುವುದು, ನೂಲು ತರುವುದು, ಸೀರೆ ಒಪ್ಪಿಸುವುದು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ವೈದ್ಯರು ಮಾತ್ರೆಯ ಜೊತೆಗೆ ನಡಿಗೆಯನ್ನೂ ಸೂಚಿಸಿದರು. ನಡಿಗೆ ಕೆಲವು ತಿಂಗಳಲ್ಲಿ ಓಟವಾಯಿತು. ಬೆಳಗಿನ ಜಾವ ದ್ರಾಕ್ಷಿ ತೋಟಗಳ ಪಕ್ಕದ ರಸ್ತೆಯಲ್ಲಿ ನಂದಿ ಬೆಟ್ಟದ ನೆರಳು ಮೂಡುವುದನ್ನು ನೋಡುತ್ತ ಓಡುವುದು ಅವರಿಗೆ ಹಿತವೆನಿಸಿತು. ಮೂರು ಹೆಜ್ಜೆಗೆ ಉಸಿರನ್ನು ಒಳಗೆಳೆದುಕೊಂಡು, ಮೂರು ಹೆಜ್ಜೆಗೆ ಹೊರಬಿಡುವಾಗ ಷಡಕ್ಷರಿಯ ಆರು ಅಕ್ಷರಗಳು ಆರು ಹೆಜ್ಜೆಗಳಿಗೆ ತಾವಾಗಿಯೇ ಹೊಂದಿಕೊಂಡವು. ಜೊತೆಗಾರರ ಒತ್ತಾಯದಿಂದ ಬೆಂಗಳೂರಿನ ಒಂದು 10 ಕಿಲೋಮೀಟರ್ ಓಟಕ್ಕೆ ಹೆಸರು ನೋಂದಾಯಿಸಿದರು.

ಆಗ ಎದುರಾದುದು ಇಷ್ಟಲಿಂಗದ ಪ್ರಶ್ನೆ. ಬಾಲ್ಯದಲ್ಲಿ ದೀಕ್ಷೆಯಾದಂದಿನಿಂದ ಅವರ ಲಿಂಗವು ಬೆಳ್ಳಿಯ ಕರಡಿಗೆಯಲ್ಲಿ, ಶಿವದಾರದಲ್ಲಿ, ಎದೆಯ ಮೇಲೆಯೇ ಇತ್ತು. ನಡೆಯುವಾಗ ತೊಂದರೆಯಿರಲಿಲ್ಲ. ಓಡುವಾಗ ಕರಡಿಗೆ ಎದೆಯ ಎಲುಬಿಗೆ ಬಡಿಯುತ್ತಿತ್ತು, ಬೆವರಿನಿಂದ ದಾರ ಕತ್ತನ್ನು ತರಚುತ್ತಿತ್ತು. ಊರಿನ ರಸ್ತೆಯಲ್ಲಿ ಒಂದು ಕೈಯಿಂದ ಅದನ್ನು ಒತ್ತಿ ಹಿಡಿದು ಓಡುತ್ತಿದ್ದರು. ಸ್ಪರ್ಧೆಯ ದಿನ ಬೆಳಗಿನ ಜಾವ ಮೂರಕ್ಕೆ ಮನೆ ಬಿಡಬೇಕು. ಬೆಂಗಳೂರು ಸುಮಾರು 40 ಕಿಲೋಮೀಟರ್ ದೂರ, ವಾಹನ ನಿಲ್ಲಿಸಲು ಜಾಗ ಹುಡುಕಬೇಕು, ಹೊತ್ತಿಗೆ ಮುನ್ನ ಸಾಲಿನಲ್ಲಿ ನಿಲ್ಲಬೇಕು. ಪೂಜೆಯನ್ನು ಮನೆಗೆ ಮರಳಿದ ಮೇಲೆ ಮಾಡಿದರಾಯಿತು ಎಂದುಕೊಂಡರು. ಮೈದಾನದಲ್ಲಿ ಗೆಳೆಯರೊಬ್ಬರ ಸಲಹೆಯಂತೆ ಕರಡಿಗೆಯನ್ನು ಬಿಚ್ಚಿ, ವಸ್ತ್ರದಲ್ಲಿ ಸುತ್ತಿ, ಚೀಲದೊಳಗಿಟ್ಟು, ಚೀಲವನ್ನು ಸಾಮಾನು ಕಾಯುವ ಕೌಂಟರಿಗೆ ಕೊಟ್ಟರು.

ಸಾವಿರಾರು ಜನರ ನಡುವೆ ನಿಂತಾಗ, ಓಟದ ಆರಂಭಕ್ಕೆ ಮುನ್ನವೇ, ಕೈ ತಾನಾಗಿ ಎದೆಗೆ ಹೋಯಿತು. ಅಲ್ಲಿ ಸಂಖ್ಯೆಯ ಚೀಟಿ ಮಾತ್ರ ಇತ್ತು. ಹಿಂದಿರುಗಿ ಹೋಗಲು ದಾರಿಯಿರಲಿಲ್ಲ. ಸುತ್ತಲಿನವರು ಉತ್ಸಾಹದಿಂದ ನುಗ್ಗಿದಂತೆ ಅವರೂ ನುಗ್ಗಿದರು. ಮೊದಲ ಎರಡು ಕಿಲೋಮೀಟರುಗಳನ್ನು ಊರಿನಲ್ಲಿ ಎಂದೂ ಓಡದಷ್ಟು ವೇಗದಲ್ಲಿ ಓಡಿದರು. ಅದರ ಬೆಲೆಯನ್ನು ಎಂಟನೆಯ ಕಿಲೋಮೀಟರಿನಲ್ಲಿ ತೆರಬೇಕಾಯಿತು. ಕೈ ನಡುಗಿತು, ತಣ್ಣನೆಯ ಬೆವರು ಇಳಿಯಿತು, ಮುಂದಿನವರ ಬೆನ್ನು ಮಸುಕಾಯಿತು. ಸಕ್ಕರೆ ಕಾಯಿಲೆಗೆ ಮಾತ್ರೆ ಸೇವಿಸುವ ಕೆಲವರಿಗೆ ಖಾಲಿ ಹೊಟ್ಟೆಯ ದೀರ್ಘ ಶ್ರಮದಿಂದ ರಕ್ತದ ಸಕ್ಕರೆ ಕುಸಿಯುವುದುಂಟು. ಇವರ ಹೊಟ್ಟೆ ಖಾಲಿಯಾಗಿತ್ತು. ಏಕೆಂದರೆ ಲಿಂಗಪೂಜೆಯಾಗದೆ ಅವರು ಹನಿ ನೀರನ್ನೂ ಮುಟ್ಟುವವರಲ್ಲ. ಪೂಜೆಯನ್ನು ಮುಂದೂಡಿದ್ದರು, ಆದುದರಿಂದ ಪ್ರಸಾದವೂ ಮುಂದೂಡಲ್ಪಟ್ಟಿತ್ತು.

ರಸ್ತೆಬದಿಯಲ್ಲಿ ನೀರು ಕೊಡುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ಅವರ ತೋಳು ಹಿಡಿದು, "ಅಂಕಲ್, ಕೂತ್ಕೊಳ್ಳಿ, ಇದನ್ನ ಕುಡೀರಿ" ಎಂದು ಗ್ಲೂಕೋಸ್ ನೀರಿನ ಲೋಟವನ್ನು ಮುಂದೆ ಹಿಡಿದಳು. ಮೂವತ್ತು ವರ್ಷಗಳಿಗೂ ಮೀರಿದ ನಿಯಮ ಒಂದೆಡೆ, ಕಣ್ಣು ಕತ್ತಲಿಡುತ್ತಿರುವ ದೇಹ ಇನ್ನೊಂದೆಡೆ. ಲಿಂಗವು ಮೈಲುಗಳ ಆಚೆ ಒಂದು ಚೀಲದಲ್ಲಿ. ಅವರು ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಬರಿದಾದ ಅಂಗೈಯನ್ನೇ ನೋಡಿ, ಅಲ್ಲಿ ಲಿಂಗವಿದೆಯೆಂದು ಭಾವಿಸಿ, ಕಣ್ಣು ಮುಚ್ಚಿ, ನೀರನ್ನು ಅರ್ಪಿಸಿ ಕುಡಿದರು. ಕಾಲು ಗಂಟೆಯ ತರುವಾಯ ಎದ್ದು ಉಳಿದ ಹಾದಿಯನ್ನು ನಡೆದು ಮುಗಿಸಿದರು. ಪದಕ ದೊರೆಯಿತು. ಚೀಲಕ್ಕಾಗಿ ಉದ್ದನೆಯ ಸಾಲಿನಲ್ಲಿ ನಿಂತರು. ಚೀಲ ಕೈಗೆ ಬಂದೊಡನೆ ಮೈದಾನದ ಅಂಚಿನ ಮರದ ಕೆಳಗೆ ಕುಳಿತು ಲಿಂಗವನ್ನು ಕಣ್ಣಿಗೊತ್ತಿಕೊಂಡರು. ಮನೆಯಲ್ಲಿ ಎಲ್ಲವನ್ನೂ ಹೇಳಿದಾಗ ಪತ್ನಿ ಪದಕವನ್ನು ನೋಡಲಿಲ್ಲ, "ಓಡೋಕೆ ಅದು ಅಷ್ಟೊಂದು ಭಾರವಾಯ್ತೇನ್ರೀ?" ಎಂದಷ್ಟೇ ಕೇಳಿದರು.

ಆ ವಾರವೇ ಅವರು ಮಠಕ್ಕೆ ಹೋಗಿ ಹಿರಿಯ ಸ್ವಾಮಿಗಳ ಮುಂದೆ ಕುಳಿತು, "ಬುದ್ಧಿ, ಲಿಂಗವಿಲ್ಲದೆ ನೀರು ಕುಡಿದೆ, ಇದಕ್ಕೆ ಪ್ರಾಯಶ್ಚಿತ್ತವೇನು?" ಎಂದು ಬಿನ್ನವಿಸಿಕೊಂಡರು. ಸ್ವಾಮಿಗಳು, "ಕುಡಿದದ್ದು ತಪ್ಪಲ್ಲಪ್ಪ. ಕಾಯ ಬಿದ್ದ ಮೇಲೆ ಪೂಜೆ ಮಾಡುವವರು ಯಾರು? ಬರಿಯ ಅಂಗೈಯಲ್ಲೂ ಲಿಂಗವನ್ನು ಕಂಡೆಯಲ್ಲ, ಅದು ಲಿಂಗದ ಕೃಪೆ. ಆದರೆ ಆ ಇಕ್ಕಟ್ಟಿಗೆ ನೀನೇಕೆ ಬಂದೆ ಎಂಬುದನ್ನು ವಿಚಾರ ಮಾಡು" ಎಂದರು. ಭಕ್ತರು ನುಲಿಯ ಚಂದಯ್ಯನವರ ಪ್ರಸಂಗವನ್ನು ನೆನಪಿಸಿ, ಅವರೂ ಲಿಂಗವನ್ನು ಬಿಟ್ಟು ನಡೆದರಲ್ಲವೇ ಎಂದು ಕೇಳಿದರು. ಈ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಆದುದರಿಂದ ಇಲ್ಲಿ ತುಸು ವಿವರವಾಗಿ ನೋಡುವುದು ಉಚಿತ.

ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಿಂದ ಜಂಗಮ ದಾಸೋಹ ನಡೆಸುತ್ತಿದ್ದ ಶರಣರು. ಚಂದೇಶ್ವರಲಿಂಗ ಅವರ ವಚನಗಳ ಅಂಕಿತ. ಒಮ್ಮೆ ಹುಲ್ಲು ಕೊಯ್ಯುವಾಗ ಅವರ ಇಷ್ಟಲಿಂಗವು ಕಳಚಿ ನೀರಿಗೆ ಬಿತ್ತು. ಅವರು ನಿಲ್ಲದೆ ಹುಲ್ಲಿನ ಹೊರೆಯೊಡನೆ ಮುಂದೆ ನಡೆದರು. ಲಿಂಗವೇ ಅವರ ಬೆನ್ನು ಹತ್ತಿ ಬಂದಿತು. ಮಡಿವಾಳ ಮಾಚಯ್ಯನವರು ನಡುವೆ ಬಂದು ತಿಳಿಹೇಳಬೇಕಾಯಿತು ಎಂದು ಪರಂಪರೆ ಹೇಳುತ್ತದೆ. ಶೂನ್ಯಸಂಪಾದನೆಯು ಈ ಪ್ರಸಂಗವನ್ನು ಗಂಭೀರವಾಗಿ ಚರ್ಚಿಸಿದೆ. ಇದನ್ನು ಓದಿ, ಕೆಲಸದ ಮುಂದೆ ಲಿಂಗಪೂಜೆ ಗೌಣವೆಂದು ತಿಳಿಯುವವರಿದ್ದಾರೆ. ಆದರೆ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದಾಗಿ, ಚಂದಯ್ಯನವರು ತಮ್ಮ ಅನುಕೂಲಕ್ಕಾಗಿ ಲಿಂಗವನ್ನು ತೆಗೆದಿಡಲಿಲ್ಲ. ಅದು ತಾನಾಗಿ ಜಾರಿತು. ಎರಡನೆಯದಾಗಿ, ಅವರು ಮುಂದುವರಿದುದು ತಮಗಾಗಿ ಅಲ್ಲ. ದಾಸೋಹವು ನಿಲ್ಲಬಾರದೆಂಬ ಕಾರಣಕ್ಕೆ. ಕಾಯಕವೆನಿಸಿಕೊಳ್ಳಲು ದುಡಿಮೆ ಬೇಕು, ಆ ದುಡಿಮೆಯ ಫಲ ಇನ್ನೊಬ್ಬರಿಗೆ ಸಲ್ಲಬೇಕು. ಸ್ಪರ್ಧೆಯ ಓಟದಲ್ಲಿ ಶ್ರಮವಿದೆ, ಶಿಸ್ತಿದೆ, ದಾಸೋಹವಿಲ್ಲ. ಅದು ಕಾಯಕಕ್ಕಾಗಿ ಕಾಯವನ್ನು ಸಜ್ಜುಗೊಳಿಸುವ ಸಾಧನ ಮಾತ್ರ. ಆದುದರಿಂದ ಚಂದಯ್ಯನವರ ದೃಷ್ಟಾಂತವನ್ನು ಮಗ್ಗದ ಮುಂದೆ ಹೇಳಬಹುದು, ಓಟದ ಮೈದಾನದಲ್ಲಿ ಹೇಳಲಾಗದು.

ಮುಂದಿನ ಓಟಕ್ಕೆ ಅವರು ಸಿದ್ಧರಾದ ಬಗೆಯೇ ಬೇರೆಯಾಯಿತು. ಕರಡಿಗೆಯನ್ನು ಮನೆಯಲ್ಲಿಟ್ಟು, ಲಿಂಗವನ್ನು ಹತ್ತಿಯ ವಸ್ತ್ರದಲ್ಲಿ ಬಿಗಿಯಾಗಿ ಕಟ್ಟಿಕೊಂಡರು. ಪತ್ನಿ ಬನಿಯನ್ನಿನ ಒಳಭಾಗದಲ್ಲಿ, ಹೃದಯದ ನೇರಕ್ಕೆ, ಒಂದು ಪುಟ್ಟ ಜೇಬನ್ನು ಹೊಲಿದುಕೊಟ್ಟರು. ರಾತ್ರಿ ಎಂಟಕ್ಕೆ ಮಲಗಿ ಒಂದೂವರೆಗೆ ಎದ್ದು, ಸ್ನಾನ ಮಾಡಿ, ಅವಸರವಿಲ್ಲದೆ ಲಿಂಗಪೂಜೆ ಮುಗಿಸಿ, ಬಾಳೆಹಣ್ಣು ಮತ್ತು ರಾಗಿಯ ಗಂಜಿಯನ್ನು ಪ್ರಸಾದವಾಗಿ ಸ್ವೀಕರಿಸಿದರು. ವೈದ್ಯರನ್ನು ಮೊದಲೇ ಕಂಡು ಓಟದ ದಿನದ ಮಾತ್ರೆಯ ವಿಷಯವನ್ನು ಕೇಳಿಕೊಂಡಿದ್ದರು. ಜೇಬಿನಲ್ಲಿ ಬೆಲ್ಲದ ತುಂಡಿತ್ತು. ಪೂಜೆಯ ನಿಯಮವೇ ಅವರ ಆರೋಗ್ಯದ ನಿಯಮವೂ ಆಯಿತು. ಹಣೆಯ ವಿಭೂತಿ ಬೆವರಿನೊಡನೆ ಕಣ್ಣಿಗಿಳಿದು ಉರಿದುದೊಂದೇ ಆ ದಿನದ ತೊಂದರೆ. ಮೊದಲ ಕಿಲೋಮೀಟರುಗಳಲ್ಲಿ ನೂರಾರು ಜನ ಅವರನ್ನು ದಾಟಿ ಹೋದರು. ಅವರು ತಮ್ಮ ಆರು ಹೆಜ್ಜೆಯ ಲೆಕ್ಕವನ್ನು ಬಿಡಲಿಲ್ಲ. ಆರಂಭದ ಆವೇಶದಲ್ಲಿ ವ್ರತ ಹಿಡಿದು ನಡುವೆ ಬಿಡುವ ಭಕ್ತಿಗೂ, ಕೊನೆಯವರೆಗೆ ಒಂದೇ ಸಮನೆ ನಡೆಯುವ ನಿಷ್ಠೆಗೂ ಇರುವ ಅಂತರವನ್ನು ಅಂದು ಅವರ ಕಾಲುಗಳೇ ಅವರಿಗೆ ತಿಳಿಸಿದವು.

ಆ ಓಟದಲ್ಲಿ ಇನ್ನೊಂದು ನೋಟವೂ ಅವರ ಕಣ್ಣಿಗೆ ಬಿತ್ತು. ನೀರು ಕುಡಿದವರು ಲೋಟಗಳನ್ನು ರಸ್ತೆಗೆ ಎಸೆದು ಓಡುತ್ತಿದ್ದರು; ಅರ್ಧ ಕುಡಿದ ನೀರು ಚೆಲ್ಲಿ ಹರಿಯುತ್ತಿತ್ತು. ಹಿಂದೆಯೇ ಪೌರಕಾರ್ಮಿಕ ಮಹಿಳೆಯರು ಪೊರಕೆ ಹಿಡಿದು ಬಾಗಿ ಗುಡಿಸುತ್ತ ಬರುತ್ತಿದ್ದರು. ಅವರ ಎದೆಯಲ್ಲಿ ಸಂಖ್ಯೆಯ ಚೀಟಿಯಿಲ್ಲ, ಅವರಿಗೆ ಪದಕವಿಲ್ಲ. ಭಕ್ತರ ಅಂಗಳ ಗುಡಿಸುವುದನ್ನೇ ಕಾಯಕವಾಗಿಸಿಕೊಂಡ ಸತ್ಯಕ್ಕನವರನ್ನು ಶರಣಪಂಕ್ತಿಯಲ್ಲಿ ಕೂರಿಸಿದ ಧರ್ಮ ನಮ್ಮದು. ಅಲ್ಲಿಂದ ಮುಂದೆ ಅವರು ಲೋಟವನ್ನು ಖಾಲಿ ಮಾಡಿ ಬುಟ್ಟಿಗೇ ಹಾಕಿ ಓಡುವುದನ್ನು ನಿಯಮ ಮಾಡಿಕೊಂಡರು. ಅದರಿಂದ ಕೆಲವು ಕ್ಷಣ ತಡವಾಗುತ್ತದೆ, ಆಗಲಿ.

ತಡವನ್ನು ಸಹಿಸುವ ಈ ಮನಸ್ಸು ಕೂಡಲೇ ಗಟ್ಟಿಯಾಗಲಿಲ್ಲ. ನಡುವೆ ಒಂದು ವರ್ಷ ಒಂದು ಗಂಟೆಯೊಳಗೆ ಓಟ ಮುಗಿಸಬೇಕೆಂಬ ಹಂಬಲ ಹಿಡಿಯಿತು. ಒಂದರ ಹಿಂದೊಂದು ಸ್ಪರ್ಧೆ, ಶುಲ್ಕ, ದುಬಾರಿಯ ಬೂಟು. 10 ಕಿಲೋಮೀಟರ್ ಸಾಲದೆ 21, ಅದೂ ಸಾಲದೆ 42.195 ಕಿಲೋಮೀಟರಿನ ಪೂರ್ಣ ಮ್ಯಾರಥಾನಿನ ಮಾತು. ಮಗ್ಗದ ಮನೆಗೆ ತಡವಾಗಿ ಬರುವುದು, ನೇಯುವವರ ಮೇಲೆ ಸಿಡುಕುವುದು ಹೆಚ್ಚಾಯಿತು. ಮಂಡಿ ಊದಿಕೊಂಡಿತು. ಆಗ ಪತ್ನಿ ಆಯ್ದಕ್ಕಿ ಲಕ್ಕಮ್ಮನವರನ್ನು ನೆನಪಿಸಿದರು. ಪತಿ ಮಾರಯ್ಯನವರು ಆಯ್ದು ತಂದ ಅಕ್ಕಿ ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಾಗಿದೆಯೆಂದು ಕಂಡು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದ ತಾಯಿ ಆಕೆ. ಅಕ್ಕಿ ಕಳವಿನದಲ್ಲ, ದುಡಿದು ತಂದುದೇ. ಆದರೂ ಅಳತೆ ಮೀರಿತ್ತು. ಒಳ್ಳೆಯದೂ ಅಳತೆ ಮೀರಿದರೆ ಆಸೆಯಾಗುತ್ತದೆ ಎಂಬುದೇ ಆ ಪ್ರಸಂಗದ ತಿರುಳು. ಓಟವು ಆರೋಗ್ಯಕ್ಕೆ ಬೇಕಾದಷ್ಟಿದ್ದಾಗ ಪಥ್ಯ. ಗಡಿಯಾರಕ್ಕಾಗಿ ಓಡತೊಡಗಿದಾಗ ಅದೇ ಇನ್ನೊಂದು ರೋಗ.

ಮಂಡಿ ವಾಸಿಯಾದ ಮೇಲೆ ಅವರು ವರ್ಷಕ್ಕೆ ಎರಡೇ ಓಟಗಳೆಂದು ಮಿತಿ ಹಾಕಿಕೊಂಡರು. ಮೂರನೆಯದಕ್ಕೆ ತಗಲುತ್ತಿದ್ದ ಹಣ ಇಂದು ಮಠದ ದಾಸೋಹಕ್ಕೆ ಅಕ್ಕಿಯಾಗಿ ಸಲ್ಲುತ್ತಿದೆ. ಮಗ್ಗದ ಮನೆಯ ಇಬ್ಬರು ನೇಕಾರರು ಬೆಳಗಿನ ಜಾವ ಅವರೊಡನೆ ನಡೆಯಲು ಬರುತ್ತಾರೆ. ಶುಲ್ಕ ಕೊಟ್ಟು ಸ್ಪರ್ಧೆಗೆ ಹೋಗಲಾರದವರಿಗೂ ಊರಿನ ರಸ್ತೆ ತೆರೆದೇ ಇದೆ.

ಸದ್ಭಕ್ತರು ತಮ್ಮ ದೇಹಸ್ಥಿತಿಗೆ ತಕ್ಕಂತೆ, ವೈದ್ಯರನ್ನು ಕೇಳಿ, ನಡೆಯಲಿ, ಓಡಲಿ, ಶಿವಗಂಗೆಯ ಬೆಟ್ಟವನ್ನೇರಲಿ, ಅದು ಸ್ತುತ್ಯವೇ. ಆದರೆ ಪೂಜೆಯು ಮೊದಲಾಗಲಿ, ಪ್ರಸಾದವು ಅದರ ಹಿಂದೆ ಬರಲಿ, ಓಟವು ಆಮೇಲಿನದಾಗಲಿ. ಇಷ್ಟಲಿಂಗವು ಗುಡಿಯಲ್ಲಿ ನೆಲೆನಿಂತ ದೈವವಲ್ಲ, ಭಕ್ತನೊಡನೆ ನಡೆಯುವ ದೈವ. ಗುರು ಬಸವಣ್ಣನವರು ಅದನ್ನು ನಮ್ಮ ಎದೆಗೆ ಕೊಟ್ಟದ್ದು ಮನೆ, ಮಗ್ಗ, ಹೊಲ, ರಸ್ತೆ ಎಲ್ಲಿಯೂ ನಾವು ಒಂಟಿಯಾಗಬಾರದೆಂದೇ. ಅದಕ್ಕೆ ಎದೆಯ ಮೇಲೆ ಇರುವ ಜಾಗವನ್ನು ಯಾವ ಸ್ಪರ್ಧೆಗಾಗಿಯೂ ತೆರವು ಮಾಡದಿರೋಣ.