ಬಾಗಿಲಲ್ಲಿ ನಿಂತವಳು

ನಮ್ಮ ಮನೆಗಳಲ್ಲಿ ಹಾಲು ಉಕ್ಕಿದ ದಿನ ಮಾತ್ರ ಲೆಕ್ಕಕ್ಕೆ ಬರುತ್ತದೆ. ಉಕ್ಕದ ದಿನಗಳಿಗೆ ಲೆಕ್ಕವೇ ಇಲ್ಲ. ವರ್ಷವಿಡೀ ಒಲೆಯ ಮುಂದೆ ಕಣ್ಣಿಟ್ಟು ನಿಂತವಳಿಗೆ ಯಾರೂ 'ಭೇಷ್' ಎನ್ನುವುದಿಲ್ಲ. ಯಾವಾಗಲೋ ಒಂದು ದಿನ, ತರಕಾರಿಯವಳು ಕೂಗಿದಳೆಂದು ಆಚೆ ಹೋಗಿ ಬರುವಷ್ಟರಲ್ಲಿ ಉಕ್ಕಿತೋ, 'ಏನು ಮಾಡ್ತಿದ್ದೆ ಅಲ್ಲಿ?' ಎಂಬ ಪ್ರಶ್ನೆ ನಡುಮನೆಯಿಂದ ತೇಲಿ ಬರುತ್ತದೆ. ಆದ ಅನಾಹುತಕ್ಕೆ ಕಟ್ಟೆಯ ತುಂಬ ಕಲೆ ಉಳಿಯುತ್ತದೆ. ತಪ್ಪಿಸಿದ ಅನಾಹುತಕ್ಕೆ ಗುರುತೇ ಇರುವುದಿಲ್ಲ.

ಆಟದ ಬಯಲಿನಲ್ಲೂ ಇಂಥದೇ ಹಣೆಬರಹ ಹೊತ್ತವರೊಬ್ಬರು ಇರುತ್ತಾರೆಂದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ. ಫುಟ್‌ಬಾಲಿನ ಗೋಲ್‌ಕೀಪರ್. ಹನ್ನೊಂದು ಜನರ ತಂಡದಲ್ಲಿ ಉಳಿದವರಿಗಿಂತ ಬೇರೆ ಬಣ್ಣದ ಅಂಗಿ ತೊಟ್ಟು, 24 ಅಡಿ ಅಗಲ, 8 ಅಡಿ ಎತ್ತರದ ಬಾಗಿಲನ್ನು ಒಬ್ಬಳೇ ಕಾಯಬೇಕು. ಆಟ ಆಚೆ ತುದಿಯಲ್ಲಿ ನಡೆಯುವಾಗ ಸುಮ್ಮನೆ ನಿಂತಿರಬೇಕು. ಈಚೆ ಬಂದಾಗ ಚೆಂಡಿನ ದಾರಿಗೆ ಮೈಯೊಡ್ಡಿ ಬೀಳಬೇಕು. ಹತ್ತು ಹಿಡಿದರೂ ಫಲಕದ ಮೇಲೆ ಏನೂ ಮೂಡುವುದಿಲ್ಲ. ಒಂದು ಬಿಟ್ಟರೆ ಅದು ಎಲ್ಲರಿಗೂ ಕಾಣುವಂತೆ ದೊಡ್ಡ ಅಕ್ಷರದಲ್ಲಿ ಬೀಳುತ್ತದೆ.

ಈ ವಿದ್ಯೆಯೆಲ್ಲ ನನಗೆ ಬಂದದ್ದು 2022ರಲ್ಲಿ, ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ. ಶನಿವಾರ ಬೆಳಗಾದರೆ ಸಾಕು, ಮಡಚುವ ಕುರ್ಚಿ, ನೀರಿನ ಬಾಟಲಿ, ಹೆಚ್ಚಿದ ಕಿತ್ತಳೆ ಹಣ್ಣಿನ ಡಬ್ಬಿ ಕಾರಿಗೇರುತ್ತಿದ್ದವು. ಹನ್ನೊಂದು ವರ್ಷದ ಮೊಮ್ಮಗಳು ಅಲ್ಲಿನ ಹುಡುಗಿಯರ ತಂಡದಲ್ಲಿ ಆಡುತ್ತಾಳೆ. ನಮ್ಮ ಫುಟ್‌ಬಾಲಿಗೆ ಅಲ್ಲಿ ಸಾಕರ್ ಎಂದು ಹೆಸರು. ಫುಟ್‌ಬಾಲ್ ಎಂದರೆ ಅವರಿಗೆ ಕೈಯಲ್ಲಿ ಚೆಂಡು ಹಿಡಿದು ಓಡುವ ಬೇರೆಯೇ ಆಟ. ಉದ್ದ ಕೈಕಾಲಿನ ಹುಡುಗಿಯೆಂದು ನಮ್ಮವಳನ್ನು ಗೋಲಿಗೆ ನಿಲ್ಲಿಸಿದ್ದರು.

ಅಕ್ಟೋಬರಿನ ಒಂದು ಶನಿವಾರ ಅವಳ ತಂಡ 4-1ರಲ್ಲಿ ಸೋತಿತು. ಕಾರಿನಲ್ಲಿ ಬರುವಾಗ ಬಿಕ್ಕುತ್ತಲೇ ಹೇಳಿದಳು: "ಅಜ್ಜೀ, ನಾನಿನ್ನು ಹೋಗಲ್ಲ. ನಮ್ಮ ಕಡೆ ಒಂದು ಗೋಲು ಹೊಡೆದವಳಿಗೆ ಎಲ್ಲರೂ ಕೈ ಕೊಟ್ಟರು. ನಾನು ಎಷ್ಟೊಂದು ತಡೆದೆ, ಅದು ಯಾರಿಗೆ ಗೊತ್ತು? ಬಿಟ್ಟ ನಾಲ್ಕು ಮಾತ್ರ ಎಲ್ಲರಿಗೂ ಗೊತ್ತು." ಮಗಳು, "ಬೇಡದಿದ್ದರೆ ಬಿಡು ಪುಟ್ಟಿ, ಈಜಿಗೆ ಸೇರಿಸೋಣ" ಎಂದಳು. ನಾನು ಸುಮ್ಮನಿದ್ದೆ. ಐವತ್ತು ವರ್ಷ ನನ್ನ ನಾಲಿಗೆಯ ತುದಿಯಲ್ಲೇ ಇದ್ದು ಹೊರಗೆ ಬಾರದ ಮಾತನ್ನು ಈ ಕೂಸು ಒಂದೇ ಉಸಿರಿನಲ್ಲಿ ಆಡಿಬಿಟ್ಟಿತ್ತು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಆ ದಿನಗಳಲ್ಲೇ ಅಳಿಯ ಒಂದು ಸುದ್ದಿ ಓದಿ ಹೇಳಿದ. ಆ ತಿಂಗಳ 28ರಂದು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಹುಡುಗರ ತಂಡಕ್ಕೂ ಷಿಕಾಗೊ ವಿಶ್ವವಿದ್ಯಾಲಯದ ಹುಡುಗರ ತಂಡಕ್ಕೂ ಪಂದ್ಯ. ಎರಡೂ ತಂಡಗಳ ಮುಖ್ಯ ತರಬೇತುದಾರರು ಹೆಂಗಸರು. ಅಮೆರಿಕದ ಕಾಲೇಜು ಹುಡುಗರ ಸಾಕರ್‌ನಲ್ಲಿ ಹಾಗೆ ಆಗುತ್ತಿರುವುದು ಅದೇ ಮೊದಲು. ಷಿಕಾಗೊದವಳು ಜೂಲಿಯಾನ್ ಸಿಚ್. ನ್ಯೂಯಾರ್ಕಿನವಳು ಕಿಮ್ ವಯಂಟ್; 2015ರಿಂದ ಆ ಹುಡುಗರನ್ನು ಪಳಗಿಸುತ್ತಿದ್ದವಳು. "ಈಕೆ ಅಮೆರಿಕದ ಹೆಂಗಸರ ರಾಷ್ಟ್ರೀಯ ತಂಡದ ಮೊಟ್ಟಮೊದಲ ಗೋಲ್‌ಕೀಪರ್ ಅಂತೆ ಅತ್ತೆ" ಎಂದ ಅಳಿಯ. ಗೋಲ್‌ಕೀಪರ್ ಎಂದದ್ದೇ ತಡ, ನನ್ನ ಕಿವಿ ನೆಟ್ಟಗಾಯಿತು. ಅವನನ್ನು ಕಾಡಿ ಬೇಡಿ ಅವಳ ಕತೆಯನ್ನೆಲ್ಲ ತೆಗೆಸಿ ಓದಿಸಿಕೊಂಡೆ.

ಆ ಕತೆ ಶುರುವಾಗುವುದು ಒಂದು ಕಾನೂನಿನಿಂದ. ಸರ್ಕಾರದ ಹಣ ಪಡೆಯುವ ಶಾಲೆ ಕಾಲೇಜುಗಳು ಹೆಣ್ಣು ಗಂಡೆಂದು ಭೇದ ಮಾಡಕೂಡದು ಎಂದು ಅಮೆರಿಕ 1972ರಲ್ಲಿ ಕಾನೂನು ಮಾಡಿತು. ಪಾಠಕ್ಕೆ ಮಾತ್ರವಲ್ಲ, ಆಟಕ್ಕೂ ಅದು ಅನ್ವಯವಾಯಿತು. ಹುಡುಗಿಯರಿಗೂ ತಂಡ ಕಟ್ಟಬೇಕಾಯಿತು. ಹತ್ತು ವರ್ಷದಲ್ಲಿ, 1982ರಲ್ಲಿ, ಕಾಲೇಜು ಹುಡುಗಿಯರಿಗೆ ರಾಷ್ಟ್ರಮಟ್ಟದ ಮೊದಲ ಎನ್‌ಸಿಎಎ ಸಾಕರ್ ಪಂದ್ಯಾವಳಿ ನಡೆಯಿತು. ಅದರ ಕೊನೆಯ ಪಂದ್ಯ ಆಡಿದವರು ನಾರ್ತ್ ಕೆರೊಲಿನಾ ಮತ್ತು ಸೆಂಟ್ರಲ್ ಫ್ಲಾರಿಡಾದ ಹುಡುಗಿಯರು. ಫ್ಲಾರಿಡಾದ ಗೋಲಿನಲ್ಲಿ ನಿಂತಿದ್ದವಳು ಕಿಮ್. ಅವಳ ತಂಡ 2-0ರಲ್ಲಿ ಸೋತಿತು.

ಮೂರು ವರ್ಷದ ಮೇಲೆ, 1985ರ ಬೇಸಿಗೆಯಲ್ಲಿ, ಇಟಲಿಯ ಪಂದ್ಯಾವಳಿಯೊಂದಕ್ಕೆ ಹೋಗಲು ಅವಸರವಸರವಾಗಿ ಹುಡುಗಿಯರನ್ನು ಆರಿಸಿದರು. ತರಬೇತುದಾರ ಮೈಕ್ ರಯಾನ್. ಒಟ್ಟಿಗೆ ಅಭ್ಯಾಸ ಮಾಡಲು ಸಿಕ್ಕಿದ್ದು ಕೆಲವೇ ದಿನ. ಖರ್ಚಿಗೆ ದಿನಕ್ಕೆ 10 ಡಾಲರ್. ಉಡುಪು ಬಂತು ನೋಡಿ, ಎಲ್ಲ ಗಂಡಸರ ಅಳತೆಯದು! ಹೆಗಲು ಮೊಣಕೈಗೆ ಇಳಿಯುವ ಅಂಗಿ, ಕಾಲಿಗೆ ತೊಡರುವ ಪ್ಯಾಂಟು. ದೇಶದ ಹೆಸರೂ ಅದರ ಮೇಲೆ ಇರಲಿಲ್ಲ. ಹೊರಡುವ ಮುಂಚಿನ ರಾತ್ರಿ ಕೂತು ಕತ್ತರಿಸಿ, ಹಿಡಿದು ಹೊಲಿದು, ಯುಎಸ್ಎ ಎಂಬ ಅಕ್ಷರಗಳನ್ನು ಇಸ್ತ್ರಿ ಒತ್ತಿ ಅಂಟಿಸಿಕೊಂಡರಂತೆ.

ಓದುತ್ತಿದ್ದ ಅಳಿಯನಿಗೆ ಇದು ನಗುವ ಸಂಗತಿಯಾಗಿತ್ತು. ನನಗೆ ನಗು ಬರಲಿಲ್ಲ. 1985ರಲ್ಲಿ ನಾನು ನಮ್ಮೂರಿನ ಬಾಡಿಗೆ ಮನೆಯಲ್ಲಿ ಉಷಾ ಹೊಲಿಗೆ ಯಂತ್ರದ ಮುಂದೆ ಕೂತು ಭಾವನವರ ಹಳೇ ಪ್ಯಾಂಟು ಕತ್ತರಿಸಿ ಮಗನಿಗೆ ಶಾಲೆಯ ಚಡ್ಡಿ ಹೊಲಿಯುತ್ತಿದ್ದೆ. ಹೊಲಿಗೆ ಬಲ್ಲವರಿಗೆ ಗೊತ್ತು: ಹೊಸ ಬಟ್ಟೆ ಹೊಲಿಯುವುದು ಸುಲಭ, ಇನ್ನೊಬ್ಬರ ಅಳತೆಗೆ ಹೊಲಿದದ್ದನ್ನು ಬಿಚ್ಚಿ ನಮ್ಮ ಅಳತೆಗೆ ತರುವುದು ಕಷ್ಟ. ಜೇಬು ತಪ್ಪಿದ ಜಾಗಕ್ಕೆ ಬರುತ್ತದೆ, ಹಳೇ ಹೊಲಿಗೆಯ ತೂತು ಕಾಣುತ್ತದೆ. ದೇಶಕ್ಕಾಗಿ ಆಡಲು ಹೊರಟ ಹುಡುಗಿಯರೂ ಅದನ್ನೇ ಮಾಡಬೇಕಾಯಿತಲ್ಲ ಎನ್ನಿಸಿತು. ಗಂಡಸರ ಅಳತೆಗೆ ಹೊಲಿದಿದ್ದ ಆಟವನ್ನೇ ಅವರು ಬಿಚ್ಚಿ ಹೊಲಿಯಬೇಕಿತ್ತು.

1985ರ ಆಗಸ್ಟ್ 18. ವೆನಿಸ್ ಬಳಿಯ ಸಮುದ್ರತೀರದ ಊರು ಯೇಸೊಲೊ. ಎದುರಾಳಿ ಆತಿಥೇಯ ಇಟಲಿ. ಸುತ್ತ ಕೂತ ಇಟಲಿಯ ಜನ ಯುಎಸ್ಎ ಎಂಬುದನ್ನು ತಮ್ಮ ನಾಲಿಗೆಗೆ ಬಂದಂತೆ 'ಊಸಾ, ಊಸಾ' ಎಂದು ಕೂಗಿದರು. ಹುಡುಗಿಯರಿಗೆ ಅದು ಎಷ್ಟು ಹಿಡಿಸಿತೆಂದರೆ ಮುಂದೆ ತಂಡದ ಜಯಘೋಷವೇ ಆಯಿತು. ಅಂದು ಅವರು 1-0ರಲ್ಲಿ ಸೋತರು. ಆ ಒಂದು ಗೋಲು ಹೋದದ್ದು ಕಿಮ್‌ಳನ್ನು ದಾಟಿ. ಒಂದು ದೇಶದ ತಂಡಕ್ಕೆ ಮೊದಲ ಗೋಲ್‌ಕೀಪರ್ ಆಗುವುದೆಂದರೆ ಮೊದಲ ಗೋಲನ್ನೂ ತಾನೇ ಬಿಡುವುದು. ಆ ಪಂದ್ಯಾವಳಿಯಲ್ಲಿ ನಾಲ್ಕು ಪಂದ್ಯ ಆಡಿದರು. ಡೆನ್ಮಾರ್ಕ್ ಎದುರು 2-2ರ ಸಮ ಬಿಟ್ಟರೆ ಉಳಿದ ಮೂರೂ ಸೋಲು. ಆ ಸಮದ ಪಂದ್ಯದಲ್ಲೇ ಮಿಷೆಲ್ ಏಕರ್ಸ್ ಎಂಬ ಹುಡುಗಿ ತಂಡದ ಮೊದಲ ಗೋಲು ಹೊಡೆದಳು.

ಇಷ್ಟು ಕೇಳಿದ ಮೇಲೆ ನಮ್ಮವರ ನೆನಪು ಬಾರದಿರುತ್ತದೆಯೆ? 1980ರ ಜನವರಿಯಲ್ಲೇ ನಮ್ಮ ಕೋಳಿಕ್ಕೋಡ್‌ನಲ್ಲಿ ಏಷ್ಯಾದ ಮಹಿಳಾ ಫುಟ್‌ಬಾಲ್ ಪಂದ್ಯಾವಳಿ ನಡೆದಿತ್ತು. ಭಾರತದ ಹುಡುಗಿಯರು ಕೊನೆಯ ಪಂದ್ಯದವರೆಗೂ ಹೋಗಿ ತೈವಾನಿನ ಎದುರು 2-0ರಲ್ಲಿ ಸೋತಿದ್ದರು. ಅಮೆರಿಕಕ್ಕೆ ಹೆಂಗಸರ ತಂಡವೇ ಇಲ್ಲದಿದ್ದ ಕಾಲದಲ್ಲಿ ನಮಗೆ ಏಷ್ಯಾದ ಎರಡನೆಯ ಸ್ಥಾನ! ಮುಂದೆ ಅವರು ಎಲ್ಲಿಗೆ ಹೋದರು, ನಾವು ಎಲ್ಲಿ ನಿಂತೆವು ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿಭೆ ಎಲ್ಲ ಕಡೆ ಹುಟ್ಟುತ್ತದೆ. ಅದರ ಬೆನ್ನಿಗೆ ಕಾನೂನು, ಬಯಲು, ನಾಲ್ಕು ಕಾಸು ನಿಲ್ಲಬೇಕು.

1986ರ ಜುಲೈಯಲ್ಲಿ ಕೆನಡಾವನ್ನು 2-0ರಿಂದ ಸೋಲಿಸಿ ಅಮೆರಿಕದ ಹುಡುಗಿಯರು ಮೊದಲ ಗೆಲುವು ಕಂಡರು. 1991ರಲ್ಲಿ ಚೀನಾದಲ್ಲಿ ಹೆಂಗಸರ ಮೊದಲ ವಿಶ್ವಕಪ್ ನಡೆಯಿತು. ಗಂಡಸರಿಗೆ 90 ನಿಮಿಷದ ಆಟವಾದರೆ ಹೆಂಗಸರಿಗೆ 80 ನಿಮಿಷ ಸಾಕೆಂದು ತೀರ್ಮಾನಿಸಿದ್ದರು. ಬೆಳಗಿನಿಂದ ರಾತ್ರಿಯವರೆಗೆ ದುಡಿಯುವವರಿಗೆ ಇನ್ನು ಹತ್ತು ನಿಮಿಷ ಹೆಚ್ಚಾಗುತ್ತಿತ್ತೇನೋ ಪಾಪ! ಗ್ವಾಂಗ್‌ಜೌನಲ್ಲಿ ನಾರ್ವೆಯನ್ನು 2-1ರಿಂದ ಸೋಲಿಸಿ ಅಮೆರಿಕ ಕಪ್ ಗೆದ್ದಿತು. ಎರಡೂ ಗೋಲು ಏಕರ್ಸಳದು. ಗೋಲಿನಲ್ಲಿ ನಿಂತವಳು ಮೇರಿ ಹಾರ್ವಿ. ಆ ತಂಡದ ಮೂವರು ಗೋಲ್‌ಕೀಪರುಗಳಲ್ಲಿ ಕಿಮ್ ವಯಂಟ್ ಇರಲಿಲ್ಲ.

ಇಲ್ಲಿ ನಾನು ಅಳಿಯನನ್ನು ತಡೆದು, "ಇನ್ನೊಮ್ಮೆ ನೋಡು" ಎಂದೆ. ಮತ್ತೆ ನೋಡಿದ. ಇರಲಿಲ್ಲ. 1985ರಿಂದ 1993ರವರೆಗೆ ಆಕೆ ದೇಶಕ್ಕಾಗಿ ಆಡಿದ್ದು 16 ಪಂದ್ಯ. 1999ರ ವಿಶ್ವಕಪ್ಪಿನ ಕೊನೆಯ ಪಂದ್ಯಕ್ಕೆ ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ 90,185 ಜನ ಸೇರಿದ್ದರು. ಚೀನಾದ ಲಿಯು ಯಿಂಗ್ ಒದ್ದ ಪೆನಾಲ್ಟಿಯನ್ನು ಬ್ರಯಾನಾ ಸ್ಕರಿ ಹಾರಿ ತಡೆದಳು. ಅಮೆರಿಕ ಗೆದ್ದಿತು. ಯೇಸೊಲೊದಲ್ಲಿ ಮೊದಲು ನಿಂತಿದ್ದ ಅದೇ ಜಾಗ ಅದು. ಆದರೆ ಆ ಹೊತ್ತಿಗೆ ಕಿಮ್ ತಂಡ ಬಿಟ್ಟು ವರ್ಷಗಳಾಗಿದ್ದವು. 2022ರಲ್ಲಿ ಅಮೆರಿಕದ ಫುಟ್‌ಬಾಲ್ ಸಂಸ್ಥೆ ಹೆಂಗಸರ ತಂಡಕ್ಕೂ ಗಂಡಸರ ತಂಡಕ್ಕೂ ಸಮಾನ ಸಂಭಾವನೆಯ ಒಪ್ಪಂದ ಮಾಡಿಕೊಂಡಿತು. ದಿನಕ್ಕೆ 10 ಡಾಲರಿನವರಿಗೆ ಅದರಲ್ಲಿ ಪಾಲೆಲ್ಲಿ?

ಹಾಗಾದರೆ ಆಕೆಗೆ ಸಿಕ್ಕಿದ್ದೇನು? ಇದನ್ನು ಆ ವಾರವೆಲ್ಲ ಯೋಚಿಸಿದೆ. ನಮ್ಮ ಕಡೆ ಮದುವೆ ಮನೆಯಲ್ಲಿ ನಸುಕಿಗೇ ಎದ್ದು ಒಲೆ ಹಚ್ಚಿದವಳು ಊಟದ ಪಂಕ್ತಿಯಲ್ಲಿ ಕಾಣುವುದಿಲ್ಲ. ಅಂಥವಳು ಎಷ್ಟೋ ಸಲ ಮುನಿಸಿಕೊಂಡು ಮೂಲೆ ಸೇರುವುದುಂಟು. ಕಿಮ್ ಮೂಲೆ ಸೇರಲಿಲ್ಲ. ಲಾಂಗ್ ಐಲೆಂಡಿನ ಲೇಡಿ ರೈಡರ್ಸ್ ತಂಡಕ್ಕೆ ಆಡಿದಳು, ತರಬೇತಿ ಕೊಡಲು ಕಲಿತಳು, ಕೊನೆಗೆ ಹೆಂಗಸರು ಕಾಲಿಡದ ಕಡೆ ಹೋಗಿ ಕಾಲೇಜು ಹುಡುಗರ ಮುಂದೆ ನಿಂತಳು. ಅಲ್ಲೂ ನೋಡುವವರ ಕಣ್ಣೆಲ್ಲ ಅವಳ ಮೇಲೆ. ಹುಡುಗರ ತಂಡ ಸೋತಾಗ ಗಂಡಸು ತರಬೇತುದಾರನಾಗಿದ್ದರೆ 'ತಂಡ ಸೋತಿತು' ಎನ್ನುತ್ತಾರೆ. ಹೆಂಗಸಾಗಿದ್ದರೆ 'ಹೆಂಗಸು ಸೋಲಿಸಿದಳು' ಎನ್ನುವವರು ಇದ್ದೇ ಇರುತ್ತಾರೆ. ಬಿಟ್ಟದ್ದನ್ನೇ ಎಣಿಸುವ ಜನರ ಮುಂದೆ ನಿಲ್ಲುವ ಅಭ್ಯಾಸ ಅವಳಿಗೆ ಗೋಲಿನಲ್ಲೇ ಆಗಿತ್ತಲ್ಲ!

ಮೊಮ್ಮಗಳಿಗೆ ಇಷ್ಟನ್ನೂ ನನಗೆ ಬಂದ ಹಾಗೆ ಹೇಳಿದೆ. ಉಪದೇಶ ಮಾಡಲಿಲ್ಲ, ಈ ಕಾಲದ ಮಕ್ಕಳಿಗೆ ಉಪದೇಶ ಶುರುವಾದರೆ ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ. "ಮುಂದಿನ ಶನಿವಾರ ಒಂದು ಸಲ ನಿಲ್ಲು, ನಾನು ಎಣಿಸುತ್ತೇನೆ" ಎಂದೆ ಅಷ್ಟೆ. ಅವಳು ನಿಂತಳು. ನಾನು ದೋಬಿ ಲೆಕ್ಕ ಬರೆಯುವಂತೆ ಚೀಟಿಯ ಮೇಲೆ ಗೀಟೆಳೆಯುತ್ತ ಕೂತೆ. ಪಕ್ಕದ ಕುರ್ಚಿಯ ಅಮೆರಿಕದ ಅಜ್ಜಿ ಇದೇನೆಂದು ಕೇಳಿದಳು. ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ನಕ್ಕು ತನ್ನ ಮೊಮ್ಮಗಳು ಎಷ್ಟು ಸಲ ಚೆಂಡನ್ನು ಕೊಟ್ಟಳೆಂದು ತಾನೂ ಬೆರಳು ಮಡಚಿ ಎಣಿಸತೊಡಗಿದಳು. ಅಂದು ನಮ್ಮವಳು ಬಿಟ್ಟದ್ದು ಎರಡು, ತಡೆದದ್ದು ಒಂಬತ್ತು. ತಂಡ ಮತ್ತೆ ಸೋತಿತು. ಚೀಟಿಯನ್ನು ಅವಳ ಕೈಗಿಟ್ಟೆ. ಏನೂ ಹೇಳದೆ ಶಾಲೆಯ ಚೀಲದೊಳಗೆ ಸೇರಿಸಿಕೊಂಡಳು. ಆ ಋತು ಮುಗಿಯುವವರೆಗೆ ಬಿಡುವ ಮಾತೆತ್ತಲಿಲ್ಲ. ಮುಂದೆ ಬಿಟ್ಟರೂ ಬಿಡಬಹುದು, ಅದು ಅವಳಿಷ್ಟ. ಆದರೆ ಯಾರೂ ಲೆಕ್ಕವಿಡಲಿಲ್ಲ ಎಂಬ ಕಾರಣಕ್ಕೆ ಬಿಡುವುದು ಬೇಡ ಎಂದಷ್ಟೇ ನನ್ನ ಆಸೆ.

ಆ 28ರ ಪಂದ್ಯದಲ್ಲಿ ಗೆದ್ದವರು ಯಾರು ಎಂದು ನಾನು ಅಳಿಯನನ್ನು ಕೇಳಲೇ ಇಲ್ಲ. ಮುಂದೆ ಹುಡುಗರ ತಂಡ ಕಟ್ಟಲು ಹೊರಡುವ ಮೂರನೆಯವಳಿಗೆ, ನಾಲ್ಕನೆಯವಳಿಗೆ, 'ಹಿಂದೆ ಯಾರಾದರೂ ಮಾಡಿದ್ದಾರೆಯೆ?' ಎಂಬ ಪ್ರಶ್ನೆ ಎದುರಾದರೆ ಹೇಳಲು ಎರಡು ಹೆಸರಿವೆ. ಯೇಸೊಲೊದ ಬಯಲಿಗೆ ಇಳಿದ ದಿನ ಕಿಮ್ ವಯಂಟ್‌ಗೆ ಹೇಳಿಕೊಳ್ಳಲು ಒಂದು ಹೆಸರೂ ಇರಲಿಲ್ಲ.