ಬೆಂಗಳೂರಿನಿಂದ ಥೇಮ್ಸ್ ತೀರಕ್ಕೆ

ಮಕ್ಕಳು, ಮೊಮ್ಮಕ್ಕಳು ಇಂಗ್ಲೆಂಡಿನಲ್ಲಿ ನೆಲೆಸಿರುವ ಮನೆತನಗಳು ಇಂದು ನಮ್ಮ ಸಮಾಜದಲ್ಲಿ ವಿರಳವಲ್ಲ. ಅವರನ್ನು ಕಾಣಲು ಹೊರಟ ಹಿರಿಯರು ಮೊದಲು ಕೇಳುವುದು, ಲಂಡನ್ ಎಷ್ಟು ದೂರ, ಎಷ್ಟು ಹೊತ್ತಿನ ಪಯಣ ಎಂದು. ದೂರಕ್ಕೆ ಉತ್ತರ ಒಂದೇ, ಹೊತ್ತಿಗೆ ಹಲವು.

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಲಂಡನ್ನಿನ ಹೀಥ್ರೂವಿಗೆ, ಭೂಗೋಲದ ಮೇಲೆ ದಾರವಿಟ್ಟು ಅಳೆದರೆ, ಸುಮಾರು 8,000 ಕಿಲೋಮೀಟರು. ಗಂಟೆಗೆ 900 ಕಿಲೋಮೀಟರು ವೇಗದ ವಿಮಾನವು ಇದನ್ನು ಒಂಬತ್ತು ಗಂಟೆಗಳಲ್ಲಿ ಕ್ರಮಿಸಬೇಕು. ಆದರೆ ನೇರ ವಿಮಾನಕ್ಕೂ ಹೋಗುವಾಗ ಹತ್ತೂವರೆಯಿಂದ ಹನ್ನೊಂದು ಗಂಟೆ, ಬರುವಾಗ ಹತ್ತು ಗಂಟೆಯ ಆಸುಪಾಸು ಹಿಡಿಯುತ್ತದೆ. ವಿಮಾನಗಳು ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ರಭಸದ ಗಾಳಿ ಹೋಗುವಾಗ ಎದುರಾಗಿ ತಡೆಯುತ್ತದೆ, ಬರುವಾಗ ಬೆನ್ನಿಗಿದ್ದು ನೂಕುತ್ತದೆ. ಜೊತೆಗೆ ಆಕಾಶಕ್ಕೂ ಗಡಿಗಳುಂಟು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ತನ್ನ ವಾಯುಮಾರ್ಗವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ಪಶ್ಚಿಮಕ್ಕೆ ಹೋಗುವ ಎಷ್ಟೋ ವಿಮಾನಗಳು ಬಳಸುದಾರಿ ಹಿಡಿಯಬೇಕಾಯಿತು.

ಇನ್ನು ಗಡಿಯಾರದ ಮಾತು. ಚಳಿಗಾಲದಲ್ಲಿ ಲಂಡನ್ನಿನ ಗಡಿಯಾರ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ಮಾರ್ಚ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ನಾಲ್ಕೂವರೆ ಗಂಟೆ. ಜನವರಿಯಲ್ಲಿ ಬೆಳಿಗ್ಗೆ 7ಕ್ಕೆ ಬೆಂಗಳೂರು ಬಿಟ್ಟು ಹತ್ತೂವರೆ ಗಂಟೆ ಹಾರಿದವರಿಗೆ ಊರಿನ ಲೆಕ್ಕದಲ್ಲಿ ಸಂಜೆ 5-30. ಇಳಿದ ನೆಲದಲ್ಲಿ ಇನ್ನೂ ನಡುಹಗಲು 12. ಅವರ ಪಾಲಿನ ಆ ದಿನ ಇಪ್ಪತ್ತೊಂಬತ್ತೂವರೆ ಗಂಟೆಯದು.

ಇದನ್ನು ಅರಿಯದೆ ಹೊರಟರೆ ಹಿರಿಯರಿಗೆ ತೊಂದರೆ ತಪ್ಪದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಉಳ್ಳವರು ಔಷಧಿಗಳ ನಡುವಿನ ಅಂತರವನ್ನು ವೈದ್ಯರಿಂದ ಮೊದಲೇ ಬರೆಸಿಕೊಳ್ಳಬೇಕು. ಔಷಧಿಯನ್ನು ಕೈಚೀಲದಲ್ಲಿಯೇ ಇರಿಸಿಕೊಳ್ಳಬೇಕು. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದಾಡುವುದು ಕಾಲಿಗೆ ಹಿತ.

ಪೂಜೆಯ ಹೊತ್ತು ತಪ್ಪುವುದೆಂಬ ಅಳುಕು ಹಲವರಲ್ಲಿದೆ. ಹೊರಡುವ ಮುನ್ನ ಮನೆಯಲ್ಲಿ ಲಿಂಗಪೂಜೆ ಮುಗಿಸಿ, ಇಳಿದ ಮೇಲೆ ಆ ನೆಲದ ಉದಯಾಸ್ತಗಳಿಗೆ ಹೊಂದಿಕೊಳ್ಳುವುದೇ ಸರಳವೆಂದು ನಮಗೆ ತೋರುತ್ತದೆ. ವಿಮಾನದಲ್ಲಿ ದೀಪ, ಧೂಪ ಹಚ್ಚುವಂತಿಲ್ಲ. ಕಣ್ಣು ಮುಚ್ಚಿ ಷಡಕ್ಷರಿ ಜಪಿಸಲು ಅಡ್ಡಿಯಿಲ್ಲ. ಬೆಳ್ಳಿಯ ಕರಡಿಗೆಯು ಲೋಹಶೋಧಕಕ್ಕೆ ಸಿಲುಕಬಹುದಾದ್ದರಿಂದ ತಪಾಸಣೆಯವರಿಗೆ ಮೊದಲೇ ತಿಳಿಸುವುದು ಲೇಸು. ಗುರುಗಳು ಕರಸ್ಥಲಕ್ಕೆ ಕೊಟ್ಟ ಇಷ್ಟಲಿಂಗ ದೇಹದೊಡನೆಯೇ ಸಾಗುತ್ತದೆ. ಕಡಲಾಚೆಗೆ ಹೋದರೂ ನಮಗೆ ದೇವರ ಮನೆ ದೂರವಾಗದು.

ಲಂಡನ್ ತಲುಪಿದವರು ಒಂದು ದಿನವನ್ನು ಥೇಮ್ಸ್ ನದಿಯ ಆಲ್ಬರ್ಟ್ ದಂಡೆಗೆ ಮೀಸಲಿಡಬೇಕು. ಲ್ಯಾಂಬೆತ್‌ನ ಮಾಜಿ ಮೇಯರ್ ಡಾ. ನೀರಜ್ ಪಾಟೀಲರ ಮುಂದಾಳತ್ವದಲ್ಲಿ ಸ್ಥಾಪಿತವಾದ ಬಸವೇಶ್ವರರ ಪ್ರತಿಮೆ ಅಲ್ಲಿದೆ. ಪ್ರಧಾನಿ ನರೇಂದ್ರ ಮೋದಿಯವರು 2015ರ ನವೆಂಬರ್ 14ರಂದು ಅದನ್ನು ಅನಾವರಣಗೊಳಿಸಿದರು. ನದಿಯ ಆಚೆ ದಡದಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಗೋಪುರಗಳು ಕಾಣುತ್ತವೆ. ಅಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಕ್ಕಳನ್ನು ಅಜ್ಜ ಅಜ್ಜಿಯರು ಕೈಹಿಡಿದು ಅಲ್ಲಿಗೆ ಕರೆದೊಯ್ಯಲಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಬಿಗನೂ ಮಡಿವಾಳನೂ ಸರಿಸಮವಾಗಿ ಕುಳಿತ ಅನುಭವ ಮಂಟಪದ ಕಥೆಯನ್ನು ಕನ್ನಡದಲ್ಲಿಯೇ ಹೇಳಲಿ.